ಅಪ್‌ಡೇಟ್: ಅಕ್ಕನ ಮಗನ ಹೃದಯದ ಆಪರೇಷನ್ ಆಯ್ತು

ಮಳೆಗಾಲಕ್ಕೆ ಮುಂಚೆ ಕೇಳಿದ್ದೆ: ತೀರ್ಥಹಳ್ಳಿಯ ನಮ್ಮ ಅಕ್ಕನ ಮಗನಿಗೆ ಹುಟ್ಟಿನಿಂದಲೇ ಹೃದಯದ ಎಡ ಕೆಳಕೋಣೆಯ ಗೋಡೆ ಉಬ್ಬಿದೆ, ಶಿವಮೊಗ್ಗದಲ್ಲಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಗೊತ್ತಾಯ್ತು, ಆಪರೇಷನ್ ಬೇಕಾ, ಕಾಯಬಹುದಾ ಅಂತ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಆಪರೇಷನ್ ಆಯ್ತು, ಹುಡುಗ ಮನೆಗೆ ಬಂದಿದ್ದಾನೆ.

ಬೆಂಗಳೂರಿನಲ್ಲಿ ಮೊದಲು ಎಂಆರ್‌ಐ ಮಾಡಿದರು. ಇಂಥ ಉಬ್ಬಿನಲ್ಲಿ ಎರಡು ಬಗೆ. ಡೈವರ್ಟಿಕ್ಯುಲಮ್ ಆದರೆ ಗೋಡೆಯಲ್ಲಿ ಸ್ನಾಯು ಇರುತ್ತದೆ, ಹೃದಯದ ಜೊತೆಗೇ ಅದೂ ಕುಗ್ಗುತ್ತದೆ. ಅನ್ಯೂರಿಸಂ ಆದರೆ ಗೋಡೆ ತೆಳು, ಸ್ನಾಯುವಿಗಿಂತ ನಾರಿನಂಥ ಅಂಗಾಂಶವೇ ಜಾಸ್ತಿ. ಹೃದಯ ಕುಗ್ಗಿದಾಗ ಅದು ಸೈಕಲ್ ಟ್ಯೂಬಿನ ಸವೆದ ಜಾಗದ ಹಾಗೆ ಹೊರಗೆ ಉಬ್ಬುತ್ತದೆ. ಇವನದು ಅದೇ. ರಕ್ತ ಅಲ್ಲಿ ನಿಂತು ಹೆಪ್ಪುಗಟ್ಟಬಹುದು, ಬಡಿತ ಏರುಪೇರಾಗಬಹುದು, ಅಪರೂಪಕ್ಕೆ ಒಡೆಯಲೂಬಹುದು. ಚಿಕ್ಕದಿದ್ದು ತೊಂದರೆ ಕೊಡದಿದ್ದರೆ ಸುಮ್ನೆ ಚೆಕಪ್ ಮಾಡಿಸುತ್ತಾ ಇರುವುದೂ ಉಂಟು. ಇವನಿಗೆ ಬಡಿತದ ತೊಂದರೆ ಶುರುವಾಗಿತ್ತು. ಕಾಯುವ ಮಾತೇ ಬರಲಿಲ್ಲ.

ಹಾರ್ಟ್-ಲಂಗ್ ಮಷಿನ್ (ಆಪರೇಷನ್ ಹೊತ್ತಲ್ಲಿ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಯಂತ್ರ) ಹಾಕಿ, ತೆಳು ಭಾಗ ಕತ್ತರಿಸಿ, ಆ ಜಾಗಕ್ಕೆ ಡೇಕ್ರಾನ್ ಪ್ಯಾಚ್ (ತೇಪೆ) ಹೊಲಿದರು. ದೊಡ್ಡ ಉಬ್ಬನ್ನು ಕತ್ತರಿಸಿ ಹಾಗೇ ಎಳೆದು ಹೊಲಿದರೆ ಕೋಣೆಯ ಆಕಾರ ಕೆಡುತ್ತದಂತೆ. ಡೇಕ್ರಾನ್ ಅಂದ್ರೆ ಪಾಲಿಯೆಸ್ಟರ್ ಬಟ್ಟೆ ಅಂತ ಕೇಳಿ ಭಾವ ಹೌಹಾರಿದರು. "ಎದೆಯೊಳಗೆ ಬಟ್ಟೆಯನಾ ಮಾರಾಯ?" ಅಂದರು.

ಆಪರೇಷನ್‌ಗೆ ಕತ್ತರಿಸಿದ ಎದೆಮೂಳೆ ಕೂಡುವವರೆಗೆ ಹುಡುಗನನ್ನು ಕಂಕುಳಿಗೆ ಕೈ ಹಾಕಿ ಎತ್ತಬಾರದು, ಸೊಂಟದ ಕೆಳಗೆ ಕೈ ಕೊಟ್ಟು ಎತ್ತಬೇಕು. ಅಜ್ಜಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ. ಮುಂದಿನ ಎಕೋ ಶಿವಮೊಗ್ಗದಲ್ಲೇ ಮಾಡಿಸಿ ರಿಪೋರ್ಟ್ ಕಳಿಸಿದರೆ ಸಾಕು ಅಂದಿದ್ದಾರೆ.