ದೊಡ್ಡಪ್ಪ ಹಾಕಿದ ಈಜುಗಾರ್ತಿ ವಿಡಿಯೋ

ಗುಂಪು: ನಮ್ಮ ಮನೆ, ಕಲಬುರಗಿ

ದೊಡ್ಡಪ್ಪ: (ವಿಡಿಯೋ) ಎಲ್ಲರೂ ನೋಡಿ. ಜಪಾನಿನ ಈಜುಗಾರ್ತಿ ರಿಕಾಕೊ ಇಕೀ. 2019ರಲ್ಲಿ ರಕ್ತದ ಕ್ಯಾನ್ಸರ್, 2021ರಲ್ಲಿ ಟೋಕಿಯೊ ಒಲಿಂಪಿಕ್ಸ್! ಮನಸ್ಸು ಗಟ್ಟಿ ಇದ್ದರೆ ಯಾವ ರೋಗವೂ ನಿಲ್ಲಲ್ಲ. ತಂಗೀ, ನಿನಗೂ ಕೀಮೋ ನಡೀತಿದೆ ಅಂತ ನಿನಗೇ ಕಳಿಸಿದ್ದು. ದಿನಾ ಮಲಗೇ ಇರಬೇಡ, ಹೋರಾಡಬೇಕು.

ಶಹಾಬಾದ್ ಕಾಕು: 🙏🙏 ಶರಣಬಸಪ್ಪ ಕಾಪಾಡಲಿ.

ನಾನು: ದೊಡ್ಡಪ್ಪ, ಇಕೀ ಅಂದರೆ ನನಗೂ ಪ್ರಾಣ. ಅವಳ ರೇಸ್ ನೋಡಿಯೇ ನಾನು ಬಟರ್‌ಫ್ಲೈ ಈಜು ಹಿಡಿದಿದ್ದು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ 6 ಚಿನ್ನ ಗೆದ್ದವಳು. ಆದರೆ ವಿಡಿಯೋ ಅರ್ಧ ಕಥೆ ಮಾತ್ರ ಹೇಳುತ್ತದೆ. ಕೀಮೋ ಆಯಿತು, ಹೊಸ ರಕ್ತಕಣ ಹುಟ್ಟಿಸುವ ಸ್ಟೆಮ್ ಸೆಲ್‌ಗಳ ಕಸಿ ಆಯಿತು. ಮನೆಗೆ ಬಂದಿದ್ದು 2019ರ ಡಿಸೆಂಬರ್‌ನಲ್ಲಿ, ಮತ್ತೆ ನೀರಿಗಿಳಿದದ್ದು 2020ರ ಮಾರ್ಚ್‌ನಲ್ಲಿ. ತಿಂಗಳುಗಟ್ಟಲೆ ಅವಳೂ ಆಸ್ಪತ್ರೆಯಲ್ಲೇ ಇದ್ದಳು. ಟೋಕಿಯೊದಲ್ಲಿ ರಿಲೇ ಮಾತ್ರ ಈಜಿದಳು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀ. ಬಟರ್‌ಫ್ಲೈನಲ್ಲಿ ಸೆಮಿಫೈನಲ್ ದಾಟಲಿಲ್ಲ.

ಹೈದರಾಬಾದ್ ಅಣ್ಣ: ಆದರೂ ವಾಪಸ್ ಬಂದಳು ಅಲ್ವಾ? ಕ್ರೀಡೆಯ ಶಿಸ್ತು ಇತ್ತು, ಅದಕ್ಕೇ ಗೆದ್ದಳು. ನೀನೇ ಈಜುವವಳು, ನೀನೇ ಹೀಗಂದರೆ?

ನಾನು: ಈಜುವವಳು ಆದ್ದರಿಂದಲೇ ಹೇಳುತ್ತಿದ್ದೇನೆ. ರೇಸಿನಲ್ಲಿ ದೂರ ಗೊತ್ತಿರುತ್ತದೆ, ತಾರೀಖು ಗೊತ್ತಿರುತ್ತದೆ. ಸೋತರೆ ಮುಂದಿನ ಮೀಟ್, ಅಂದರೆ ಸ್ಪರ್ಧೆ, ಇರುತ್ತದೆ. ರೋಗದಲ್ಲಿ ಇದು ಯಾವುದಿದೆ? ನೆದರ್ಲೆಂಡ್ಸ್‌ನ ಮಾರ್ಟನ್ ವಾನ್ ಡರ್ ವೈಡನ್‌ಗೂ 2001ರಲ್ಲಿ ರಕ್ತದ ಕ್ಯಾನ್ಸರ್ ಬಂದಿತ್ತು. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 10 ಕಿ.ಮೀ. ಈಜಿನಲ್ಲಿ ಚಿನ್ನ ಗೆದ್ದ. ಹೋರಾಡಿ ಬದುಕಿದವನು ಅಂದರೆ ಅವನು ಒಪ್ಪಲೇ ಇಲ್ಲ. ಡಾಕ್ಟರು ಉಳಿಸಿದರು, ನನ್ನ ಅದೃಷ್ಟ ಅಂದ. ಒಳ್ಳೆಯದನ್ನೇ ಯೋಚಿಸಿದರೆ ಬದುಕುತ್ತಾರೆ ಅನ್ನುವುದು ಅಪಾಯದ ಮಾತು ಅಂತಾನೆ. ಹಾಗಾದರೆ ಸತ್ತವರು ಸರಿಯಾಗಿ ಯೋಚಿಸಲಿಲ್ಲ ಅಂತ ಆಗುತ್ತದೆ. ಕ್ಯಾನ್ಸರ್‌ನಿಂದ ತೀರಿಕೊಂಡ ನಮ್ಮ ಕಾಕಾ ಒಂದು ಕೀಮೋನೂ ತಪ್ಪಿಸಲಿಲ್ಲ. ರೈಲಿನಲ್ಲಿ ಸೊಲ್ಲಾಪುರಕ್ಕೆ ಹೋಗಿ ಬರುತ್ತಿದ್ದರು. ಅವರ ಮನಸ್ಸು ಗಟ್ಟಿ ಇರಲಿಲ್ವಾ?

ದೊಡ್ಡಪ್ಪ: ತಮ್ಮನ ಬಗ್ಗೆ ನಾನು ಎಲ್ಲಿ ಹಾಗಂದೆ?

ಶಹಾಬಾದ್ ಕಾಕು: ನೀವು ಅನ್ನಲಿಲ್ಲ ಭಾವ. ಆದರೆ ಅವರು ಹೋದ ಮೇಲೆ ಮಾತಾಡಿಸಲು ಬಂದವರು ಎಷ್ಟೋ ಮಂದಿ "ಧೈರ್ಯ ಕಳಕೊಂಡರು ಪಾಪ" ಅಂದರು. ನನಗೆ ಅದು ಇನ್ನೂ ಚುಚ್ಚುತ್ತದೆ. ಅವರು ಕಳಕೊಂಡಿರಲಿಲ್ಲ.

ಹೈದರಾಬಾದ್ ಅಣ್ಣ: ಸಾರಿ ಕಾಕು. ಹಂಗಿದ್ದರೆ ಆಟದಿಂದ ಕಲಿಯುವುದು ಏನೂ ಇಲ್ವಾ?

ನಾನು: ಇದೆ. ಕಾಯುವುದು. ವೈಡನ್ ಬೀಜಿಂಗ್‌ನಲ್ಲಿ ಮುಂದೆ ನುಗ್ಗದೆ ಗುಂಪಿನಲ್ಲೇ ಇದ್ದು ಕೊನೆಗೆ ಮುಂದೆ ಬಂದ. ಆ ತಾಳ್ಮೆ ಆಸ್ಪತ್ರೆ ಹಾಸಿಗೆಯಲ್ಲಿ ಬಂತು ಅಂತ ಅವನೇ ಹೇಳಿದ್ದಾನೆ. ಅಲ್ಲಿ ನಾಳೆಯದು ಬಿಡಿ, ಮುಂದಿನ ಗಂಟೆಯ ಯೋಚನೆಯೂ ಬೇಡ ಅನಿಸುತ್ತಿತ್ತಂತೆ. ನಮಗೂ ಮೀಟ್ ಹತ್ತಿರ ಬಂದರೆ ಕೋಚ್ ಪ್ರಾಕ್ಟೀಸ್ ಇಳಿಸುತ್ತಾರೆ. ಟೇಪರ್ ಅಂತೀವಿ. ಆಗ ಸುಮ್ನೆ ಮಲಗಿದರೆ ಯಾರೂ ಸೋಮಾರಿ ಅನ್ನಲ್ಲ. ಕೀಮೋ ಆದಾಗ ಸೋಂಕು ತಡೆಯುವ ಬಿಳಿ ರಕ್ತಕಣ ಇಳಿದಿರುತ್ತವೆ. ಸಣ್ಣ ಜ್ವರ ಬಂದರೂ ತಕ್ಷಣ ಆಸ್ಪತ್ರೆಗೆ ಓಡಬೇಕು. ಅತ್ತೆ ಮಲಗಲಿ ಬಿಡಿ.

ಅತ್ತೆ: ಎಲ್ಲಾ ಓದಿದೆ. ಅಣ್ಣಾ, ನೀನು ಪ್ರೀತಿಯಿಂದಲೇ ಕಳಿಸಿದ್ದು, ಗೊತ್ತು. ಆದರೆ ಕೀಮೋ ಆದ ಮೂರನೇ ದಿನ ಬಾಯಿಗೆ ನೀರೂ ಸೇರುವುದಿಲ್ಲ. ಆಗ ಹೋರಾಡು ಅಂದರೆ ಯಾರ ಜೊತೆ ಹೋರಾಡಲಿ? ನನ್ನ ಮೈ ಜೊತೆನಾ?

ದೊಡ್ಡಪ್ಪ: ನೀನು ಗೋಡೆ ಕಡೆ ತಿರುಗಿ ಮಲಗಿದರೆ ನನಗೆ ತಮ್ಮ ನೆನಪಾಗುತ್ತಾನೆ. ಹೆದರಿಕೆ ಆಗುತ್ತದೆ. ಧೈರ್ಯ ಬಿಡಬೇಡ ಅಂತ ನಾನು ಹೇಳುವವನೇ.

ಅತ್ತೆ: ಹೇಳು, ಬೇಡ ಅನ್ನಲ್ಲ. ನಾನು ಅತ್ತರೆ ಮಾತ್ರ ಬೈಬೇಡ. ಗುರುವಾರ ಕಿದ್ವಾಯಿಯಲ್ಲಿ ರಕ್ತ ಪರೀಕ್ಷೆ ಇದೆ. ಬಿಸಿಲು ಏರುವ ಮೊದಲು ಹೋಗಬೇಕು.

ದೊಡ್ಡಪ್ಪ: ಏಳಕ್ಕೆ ಕಾರು ತರುತ್ತೇನೆ.

ಶಹಾಬಾದ್ ಕಾಕು: ನಾನೂ ಬರುತ್ತೇನೆ. ಗಂಜಿ ಮಾಡಿಕೊಂಡು ಬರಲಾ, ಸೇರುತ್ತದಾ?

ಅತ್ತೆ: ಉಪ್ಪು ಕಡಿಮೆ ಹಾಕು. ಬಾಯಿ ಹುಣ್ಣಾಗಿದೆ.