ಸ್ಯಾಫ್ರನ್ ಸಿಟಿ ಗಾರ್ಡ್ ಲೆಮನೇಡ್ ಒಯ್ದ್ರೂ ಒಳಗ ಬಿಡವಲ್ಲ – ಪೋಕೆಮಾನ್ ರೆಡ್ [ಬಗೆಹರದದ]

ಸುಡುಬಿಸಿಲ_ಹುಡುಗ, ಕಲಬುರಗಿ

ಎಲ್ಲಾರಿಗೂ ನಮಸ್ಕಾರ್ರಿ. ಪೋಕೆಮಾನ್ ರೆಡ್ ಆಡ್ಲಾಕತ್ತೀನಿ. ಎರಿಕಾ ಜಿಮ್ (ಪೋಕೆಮಾನ್ ಅಖಾಡಾ) ಮುಗಿಸಿ ನಾಕು ಬ್ಯಾಜ್ ಆಗ್ಯಾವ, ಈಗ ಸೆಲಡಾನ್ ಸಿಟಿನಾಗ ಸಿಕ್ಕೊಂಡು ಕುಂತೀನಿ. ಸ್ಯಾಫ್ರನ್ ಸಿಟಿಗಿ ಹೋಗ್ಬೇಕು, ಗೇಟಿನ ಗಾರ್ಡ್ ಒಳಗ ಬಿಡವಲ್ಲ. ನೀರಡಿಕಿ ಆಗ್ಯಾದ ಅಂತಾನ, ದಾರಿ ಬಂದ್ ಅದ ಅಂತಾನ, ಅಷ್ಟೇ.

ನನ್ ಬಲ್ಲಿ ಒಂದು ಗೈಡ್ ಅದ, ನೆಟ್ಟಿನಾಗ ಸಿಕ್ಕಿದ್ದು, ಝೆರಾಕ್ಸ್ ಅಂಗಡ್ಯಾಗ ಪ್ರಿಂಟ್ ತಗಸೀನಿ. ಡಿಪಾರ್ಟ್‌ಮೆಂಟ್ ಸ್ಟೋರಿನ ಮಾಳಿಗಿ ಮ್ಯಾಲ ಮಷಿನ್ ಅದ, ಅಲ್ಲಿಂದ ತಂಪು ಕುಡಿಯಾದು ತಂದು ಗಾರ್ಡಿಗಿ ಕೊಡು, ಬಿಡ್ತಾನ ಅಂತ ಅದ್ರಾಗ ಅದ. ಫ್ರೆಶ್ ವಾಟರ್, ಸೋಡಾ ಪಾಪ್, ಲೆಮನೇಡ್ ಮೂರೂ ತಗೊಂಡು ನಾಕೂ ದಿಕ್ಕಿನ ಗೇಟಿಗಿ ಅಡ್ಡಾಡೀನಿ. ಒಬ್ಬನೂ ಇಸ್ಕೊಳ್ಳವಲ್ಲ. ಮತ್ತ ಮಾಳಿಗಿ ಮ್ಯಾಲಿನ ಸಣ್ಣ ಹುಡುಗಿಗಿ ನೀರು ಕೊಟ್ರ ಐಸ್ ಬೀಮ್ (ಪೋಕೆಮಾನಿಗಿ ಕಲಿಸೋ ಒಂದು ಏಟು) ಕೊಡ್ತಾಳ ಅಂತನೂ ಬರ್ದಾರ. ಆಕಿ ನನಗ ಲೈಟ್ ಸ್ಕ್ರೀನ್ ಅಂತೇನೋ ಕೊಟ್ಳು.

ಕ್ಯಾಸೆಟ್ ಕೆಟ್ಟದೇನ್ರಿ? ಮಷಿನ್ ಗೇಮ್‌ಬಾಯ್ ಅಡ್ವಾನ್ಸ್ ಎಸ್‌ಪಿ, ಕಾಕಾನ ಮಗ ಸೌದಿಯಿಂದ ಬರೋವಾಗ ತಂದಿದ್ದು. ಕ್ಯಾಸೆಟ್ ಹೈದ್ರಾಬಾದಿನಾಗ ಒಂದು ಅಂಗಡ್ಯಾಗ ತಗೊಂಡಿದ್ದು, ಮ್ಯಾಲ ರೆಡ್ ಅಂತ ಸ್ಟಿಕ್ಕರ್ ಅದ.

ಪಿಕಾ_ಆಳಂದ

ಬ್ರೋ, ನಾ ಪೋಕೆಮಾನ್ ಯೆಲ್ಲೋ ಮುಗ್ಸೀನಿ. ಮೂರರಾಗ ಯಾವ ಬಾಟ್ಲಿ ಆದ್ರೂ ನಡೀತದ, ಲೆಮನೇಡೇ ಆಗ್ಬೇಕಂತಿಲ್ಲ. ಬ್ಯಾಗಿನಾಗ ಇಟ್ಕೊಂಡು ಗೇಟ್ ದಾಟ್ಲಾಕ ಹೋಗು, ಗಾರ್ಡ್ ತಾನೇ ಇಸ್ಕೊಂತಾನ. ಒಬ್ಬನಿಗಿ ಕೊಟ್ರ ಸಾಕು, ನಾಕೂ ಗೇಟ್ ಓಪನ್. ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡು.

ಚೌಬಾರಾ151, ಬೀದರ್

ಆಫ್-ಆನ್ ಮಾಡಿದ್ರೆ ಏನೂ ಆಗಲ್ಲ, ತಡಿ.

ತಮ್ಮಾ, ಆ ಹುಡುಗಿ ಲೈಟ್ ಸ್ಕ್ರೀನ್ ಕೊಟ್ಳು ಅಂದ್ಯಲ್ಲ, ಅಲ್ಲೇ ಅದ ಗಂಟು. ಮೂರು ಮಾತು ಹೇಳು. ಬಿ ಬಟನ್ ಒತ್ತಿ ಹಿಡಿದ್ರೆ ನಿನ್ನ ಹುಡುಗ ಓಡ್ತಾನೇನು? ಸೇವ್ ಮಾಡಿದ ಆಟ ತೆರೆದ ಕೂಡ್ಲೇ, ಹೋದ ಸಲ ಏನೇನು ಮಾಡಿದ್ದಿ ಅಂತ ಒಂದಿಷ್ಟು ತೋರಿಸಿ ಆಮ್ಯಾಲ ಶುರು ಆಗ್ತದೇನು? ಕ್ಯಾಸೆಟ್ ಎಸ್‌ಪಿ ಒಳಗ ಪೂರ್ತಿ ಕೂಡ್ತದೋ, ಇಲ್ಲಾ ಅರ್ಧ ಹೊರಗ ಚಾಚ್ಕೊಂಡಿರ್ತದೋ?

ಸುಡುಬಿಸಿಲ_ಹುಡುಗ

ಓಡ್ತಾನ ಅಣ್ಣ. ಮೊದಲನೇ ಜಿಮ್ಮಿನ ಬ್ರಾಕ್‌ನ್ನ ಸೋಲಿಸಿದ ಮ್ಯಾಲ ಶೂ ಕೊಟ್ರು. ಹೋದ ಸಲದ್ದು ತೋರಿಸ್ತದ, ನಾ ಪ್ರತಿ ಸಲ ಬಟನ್ ಒತ್ತಿ ದಾಟಸ್ತೀನಿ. ಕ್ಯಾಸೆಟ್ ಸಣ್ಣದದ, ಪೂರ್ತಿ ಒಳಗ ಹೋಗ್ತದ.

ಚೌಬಾರಾ151

ಮುಗೀತು. ನಿನ್ನ ಬಲ್ಲಿ ಇರೋದು ರೆಡ್ ಅಲ್ಲ, ಫೈರ್‌ರೆಡ್. ಸ್ಟಿಕ್ಕರ್ ಅಂಟಿಸಿದವರಿಗೆ ಅಷ್ಟೇ ತಿಳಿದಿದ್ದು, ಬಿಡು. ಕ್ಯಾಸೆಟ್ ಕೆಟ್ಟಿಲ್ಲ, ಗೈಡೂ ಸುಳ್ಳಲ್ಲ. ಎರಡೂ ಬ್ಯಾರೆ ಬ್ಯಾರೆ ಆಟದವು.

ಮೊದಲು ಗೇಟಿಂದು ಹೇಳ್ತೀನಿ. ಸೆಲಡಾನ್‌ನಾಗೇ ಮ್ಯಾನ್ಶನ್ ಅಂತ ಒಂದು ದೊಡ್ಡ ಬಿಲ್ಡಿಂಗ್ ಅದ. ಮುಂದಿನ ಬಾಗಿಲಿಂದ ಹೋಗು, ಮೆಟ್ಟಿಲು ಹತ್ತಬ್ಯಾಡ. ನೆಲಮಾಳಿಗಿ ಅಲ್ಲ, ರಸ್ತೆ ಮಟ್ಟದ ಕೋಣಿ. ಅಲ್ಲಿ ಒಬ್ಬ ಮುದುಕಿ ಕುಂತಿರ್ತಾಳ, ಆಕಿನ ಜೋಡಿ ಮಾತಾಡು. ಕೂಲ್ ಡ್ರಿಂಕಿಗೆ ರೊಕ್ಕ ಹಾಳು ಮಾಡ್ಬ್ಯಾಡ ಅಂತ ಬುದ್ಧಿ ಹೇಳಿ ಕೈಗೆ ಚಾ ಕೊಡ್ತಾಳ. ಆ ಚಾ ಒಯ್ದು ಯಾವುದಾದ್ರೂ ಒಂದು ಗೇಟಿನ ಗಾರ್ಡಿಗೆ ಮುಟ್ಟಿಸು, ನಾಕೂ ದಾರಿ ತೆರೀತಾವ. 44 ಡಿಗ್ರಿ ಬಿಸಿಲಾಗೂ ಹೋಟೆಲ್ ಮುಂದ ನಿಂತು ಬಿಸಿ ಚಾ ಕುಡಿಯೋ ಮಂದಿ ನಾವು, ನಮಗ ಈ ಗಾರ್ಡ್ ಮೊದಲೇ ಅರ್ಥ ಆಗ್ಬೇಕಿತ್ತು.

ಈಗ ಯಾಕ ಹಿಂಗ ಅಂತ. ಮೊದಲನೇ ಆಟ ಜಪಾನಿನಾಗ 1996ರ ಫೆಬ್ರುವರಿಗೆ ರೆಡ್, ಗ್ರೀನ್ ಅಂತ ಬಂತು. ಅಮೆರಿಕಾಕ್ಕ 1998ರಾಗ ಬಂದಾಗ ರೆಡ್, ಬ್ಲೂ ಆಯ್ತು. ಆಳಂದದ ಗೆಳೆಯ ಆಡಿದ ಯೆಲ್ಲೋ ಅದೇ ಸಾಲಿಂದು. ಇವೆಲ್ಲ ಹಳೇ ಗೇಮ್‌ಬಾಯ್ ಆಟಗಳು, ಕ್ಯಾಸೆಟ್ ದೊಡ್ಡವು, ಎಸ್‌ಪಿಗೆ ಹಾಕಿದ್ರ ಹೊರಗ ಕಾಣ್ತಾವ. 2004ರಾಗ ಅದೇ ಕಥಿ, ಅದೇ ಊರು, ಅದೇ ಎಂಟು ಜಿಮ್ ಇಟ್ಕೊಂಡು ಗೇಮ್‌ಬಾಯ್ ಅಡ್ವಾನ್ಸಿಗೆ ಹೊಸದಾಗಿ ಕಟ್ಟಿದ್ದು ಫೈರ್‌ರೆಡ್ ಮತ್ತ ಲೀಫ್‌ಗ್ರೀನ್. ನಕ್ಷಾ ಹೆಚ್ಚುಕಮ್ಮಿ ಅದೇ ಇರೋದ್ರಿಂದ ಹಳೇ ಗೈಡ್ ಮುಕ್ಕಾಲು ದಾರಿ ಸರಿಯಾಗೇ ತೋರಿಸ್ತದ, ಹಂಗಾಗಿ ಯಾರಿಗೂ ಅನುಮಾನ ಬರಲ್ಲ. ಸಿಕ್ಕೊಳ್ಳೋದು ಇಂಥಾ ಒಂದೆರಡು ತಿರುವಿನಾಗ.

ಆ ಹುಡುಗಿದೂ ಅದೇ ಕಥಿ. ಹಳೇ ಆಟದಾಗ ನೀರಿಗೆ ಐಸ್ ಬೀಮ್, ಸೋಡಾಕ್ಕ ರಾಕ್ ಸ್ಲೈಡ್, ಲೆಮನೇಡಿಗೆ ಟ್ರೈ ಅಟ್ಯಾಕ್ ಕೊಡ್ತಿದ್ಳು. ಫೈರ್‌ರೆಡ್‌ನಾಗ ಲೈಟ್ ಸ್ಕ್ರೀನ್, ಸೇಫ್‌ಗಾರ್ಡ್, ರಿಫ್ಲೆಕ್ಟ್. ಐಸ್ ಬೀಮ್ ಬೇಕಂದ್ರ ಗೇಮ್ ಕಾರ್ನರಿನಾಗ 4000 ಕಾಯಿನ್ ಕೂಡಿಸ್ಬೇಕು.

ಬಾಟ್ಲಿ ಮಾರಬ್ಯಾಡ. ಅಂಗಡ್ಯಾಗಿನ ಔಷಧ ಸೂಪರ್ ಪೋಶನ್ 700 ರೊಕ್ಕಕ್ಕ 50 ಎಚ್‌ಪಿ (ಪೋಕೆಮಾನಿನ ಜೀವ) ಕೊಡ್ತದ. ಲೆಮನೇಡ್ 350ಕ್ಕ 80 ಕೊಡ್ತದ. ಮಷಿನ್‌ನಾಗ ಒಂದೊಂದೇ ಒತ್ತಿ ತಗೊಳ್ಳೋದು ಬ್ಯಾಸರ, ಆದ್ರ ಇಷ್ಟು ಸೋವಿ ಔಷಧ ಇಡೀ ಆಟದಾಗ ಸಿಗಲ್ಲ. ನಾ ಎಲೀಟ್ ಫೋರ್ (ಆಟದ ಕಡೀಗಿನ ನಾಕು ಎದುರಾಳಿಗಳು) ತನಕ ಇದ್ರ ಮ್ಯಾಲೇ ನಡಸ್ತೀನಿ.

ಮತ್ತ ಮ್ಯಾನ್ಶನ್‌ಗೆ ಹೆಂಗೂ ಹೋಗ್ತಿ, ಹೊರಗ ಬಂದು ಬಿಲ್ಡಿಂಗ್ ಹಿಂದ ಸುತ್ತು ಹಾಕು. ಹಿತ್ತಲ ಬಾಗಿಲು ಅದ. ಅಲ್ಲಿಂದ ಮ್ಯಾಲೇರಿದ್ರ ತುದಿಗಿನ ಕೋಣ್ಯಾಗ ಈವಿ ಅನ್ನೋ ಒಂದು ಪೋಕೆಮಾನ್ ಇಟ್ಟಾರ, ಪುಕ್ಕಟೆ. ಇದು ಮಾತ್ರ ಹಳೇದ್ರಾಗೂ ಹೊಸದ್ರಾಗೂ ಒಂದೇ.

ಪಿಕಾ_ಆಳಂದ

ಚಾ?? ಇದು ನನಗೂ ಗೊತ್ತಿದ್ದಿಲ್ಲ. 😄

ಭೀಮಾದಂಡಿ, ಯಾದಗಿರಿ

ಇದೇ ಚರ್ಚೆಯಲ್ಲಿ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನದೂ ಫೈರ್‌ರೆಡ್, ಆದರೆ ಮೊಬೈಲ್‌ನ ಎಮ್ಯುಲೇಟರ್‌ನಲ್ಲಿ (ಗೇಮ್‌ಬಾಯ್‌ನಂತೆ ನಡೆಯುವ ಆ್ಯಪ್). ಶುರುವಿನಲ್ಲೇ "1ಎಂ ಸಬ್-ಸರ್ಕ್ಯೂಟ್ ಬೋರ್ಡ್" ಅಳವಡಿಸಿಲ್ಲ ಎಂಬ ಅರ್ಥದ ಸಂದೇಶ ಬರುತ್ತದೆ. ಬಟನ್ ಒತ್ತಿದರೆ ಆಟ ನಡೆಯುತ್ತದೆ, ಸೇವ್ ಮಾತ್ರ ಉಳಿಯುವುದಿಲ್ಲ. ಯಾದಗಿರಿಯಿಂದ ಕಲಬುರಗಿಗೆ ರೈಲಿನಲ್ಲಿ ಹೋಗಿಬರುವಾಗಲೇ ನಾನು ಆಡುವುದು, ಪ್ರತಿ ಸಲ ಮೊದಲಿನಿಂದ ಪ್ರೊಫೆಸರ್ ಓಕ್ ಭಾಷಣ ಕೇಳಬೇಕಾಗಿದೆ. ಫೋನ್ ಬದಲಿಸಬೇಕೇ?

ಚೌಬಾರಾ151

ಫೋನಿಗೂ ಇದಕ್ಕೂ ಸಂಬಂಧ ಇಲ್ಲ ಸರ್. ಫೈರ್‌ರೆಡ್ ತನ್ನ ಸೇವ್ ಬರೆಯೋದು 1 ಮೆಗಾಬಿಟ್ ಫ್ಲ್ಯಾಶ್ ಮೆಮೊರಿಗೆ, ಅಂದ್ರೆ 128 ಕೆಬಿ. ಆ ಸಂದೇಶದಾಗಿನ 1ಎಂ ಅದೇ. ನಿಮ್ಮ ಎಮ್ಯುಲೇಟರ್ 64 ಕೆಬಿ ಅಷ್ಟೇ ಅದ ಅಂತ ಆಟಕ್ಕ ಹೇಳ್ಲಾಕತ್ತದ, ಆಟ ಹುಡುಕಿ ಸಿಗದೆ ಹಂಗ ಹೇಳ್ತದ.

ಸೆಟ್ಟಿಂಗ್ಸ್‌ನಾಗ ಸೇವ್ ಟೈಪ್ ಅಂತ ಇರ್ತದ ನೋಡ್ರಿ, ಕೆಲವದ್ರಾಗ ಫ್ಲ್ಯಾಶ್ ಸೈಜ್ ಅಂತ ಇರ್ತದ. ಆಟೋ ಇದ್ದದ್ದು ಫ್ಲ್ಯಾಶ್ 128ಕೆ ಮಾಡ್ರಿ. ಅಷ್ಟಕ್ಕೇ ಬಿಡಬ್ಯಾಡ್ರಿ, ಫೋಲ್ಡರಿನಾಗ ಆಟದ ಹೆಸರಿನ ಹಳೇ ಸೇವ್ ಫೈಲ್ 64 ಕೆಬಿದು ಕುಂತಿರ್ತದ. ಅದನ್ನ ತೆಗೆದು ಬ್ಯಾರೆ ಕಡೆ ಇಡ್ರಿ, ಇಲ್ಲಾಂದ್ರ ಕೆಲವು ಎಮ್ಯುಲೇಟರ್ ಮತ್ತ ಅದನ್ನೇ ನೋಡಿ 64ಕ್ಕೇ ಮರಳ್ತಾವ. ಆಮ್ಯಾಲ ಎಮ್ಯುಲೇಟರ್ ಪೂರ್ತಿ ಬಂದ್ ಮಾಡಿ ತೆಗೀರಿ.

ಸೇವ್ ಸ್ಟೇಟ್ (ಎಮ್ಯುಲೇಟರೇ ಮಾಡೋ ಸೇವ್) ಒಂದನ್ನೇ ನಂಬಬ್ಯಾಡ್ರಿ. ಸ್ಟಾರ್ಟ್ ಒತ್ತಿ ಆಟದ ಒಳಗಿನ ಸೇವ್ ಮಾಡ್ರಿ, ಫೋನ್ ಬದಲಿಸಿದ್ರೂ ಆ ಫೈಲ್ ಒಯ್ಯಬಹುದು.

ನಿರ್ವಾಹಕ

ಎಮ್ಯುಲೇಟರ್ ಸೆಟ್ಟಿಂಗ್ ಬಗ್ಗೆ ಚರ್ಚೆ ಮಾಡಬಹುದು. ಆಟದ ಫೈಲ್ ಎಲ್ಲಿ ಸಿಗುತ್ತದೆ ಎಂದು ಇಲ್ಲಿ ಕೇಳುವುದು, ಲಿಂಕ್ ಕೊಡುವುದು ಬೇಡ. ಮೇಲಿನ ಎರಡು ಲಿಂಕ್ ತೆಗೆದಿದ್ದೇನೆ.

ಭೀಮಾದಂಡಿ

128ಕೆ ಮಾಡಿದೆ, ಹಳೆಯ ಫೈಲ್ ತೆಗೆದೆ. ಸಂದೇಶ ಹೋಯಿತು, ಸೇವ್ ಉಳಿಯಿತು. ಧನ್ಯವಾದ ಸರ್.

ಸುಡುಬಿಸಿಲ_ಹುಡುಗ

ಅಣ್ಣ ಚಾ ಸಿಕ್ತು!! ಗಾರ್ಡ್ ಬಿಟ್ಟ. ಈವಿನೂ ತಗೊಂಡೆ. ಆದ್ರ ಸ್ಯಾಫ್ರನ್ ಒಳಗ ಹೋದ್ರ ಊರ ತುಂಬ ಟೀಮ್ ರಾಕೆಟ್ (ಆಟದಾಗಿನ ಕಳ್ಳರ ಗ್ಯಾಂಗ್) ಮಂದಿ ನಿಂತಾರ. ಸಿಲ್ಫ್ ಕಂಪನಿ ಬಾಗಿಲ ಮುಂದ ಒಬ್ಬ, ಸಬ್ರಿನಾ ಜಿಮ್ ಮುಂದ ಒಬ್ಬ. ಇವರಿಗೇನು ಕೊಡ್ಬೇಕು, ಊಟಾನಾ?

ಚೌಬಾರಾ151

ಲ್ಯಾವೆಂಡರ್ ಟೌನಿನ ಗೋಪುರ ಮುಗ್ಸೀ ಏನು? ಮಿಸ್ಟರ್ ಫ್ಯುಜಿ ಅನ್ನೋ ಅಜ್ಜನ್ನ ಬಿಡಿಸ್ಕೊಂಡು ಬಂದಿ ಏನು?

ಸುಡುಬಿಸಿಲ_ಹುಡುಗ

ಇಲ್ಲಣ್ಣ. ಅಲ್ಲಿ ಮ್ಯಾಲ ದೆವ್ವ ಬರ್ತಾವ, ನನ್ ಪೋಕೆಮಾನ್ ಹೆದರಿ ಏಟೇ ಹಾಕವಲ್ಲವು. ಬಿಟ್ಟು ಬಂದೀನಿ.

ಪಿಕಾ_ಆಳಂದ

ಇದಕ್ಕ ಒಂದು ಮಸ್ತ್ ಐಡಿಯಾ ಅದ. ಡಿಪಾರ್ಟ್‌ಮೆಂಟ್ ಸ್ಟೋರಿನಾಗ 1000 ಕೊಟ್ಟು ಪೋಕೆ ಡಾಲ್ ತಗೊ, ಗೋಪುರದ ಮ್ಯಾಲಿನ ದೊಡ್ಡ ದೆವ್ವದ ಮುಂದ ಒಗಿ. ಜಗಳ ಮುಗೀತದ, ದಾರಿ ಬಿಡ್ತದ. ನಾ ಯೆಲ್ಲೋದಾಗ ಹಿಂಗೇ ದಾಟೀನಿ.

ಚೌಬಾರಾ151

ನೀ ಹೇಳಿದ್ದು ಖರೇ, ಆದ್ರ ರೆಡ್, ಬ್ಲೂ, ಯೆಲ್ಲೋಕ್ಕ ಅಷ್ಟೇ. ಫೈರ್‌ರೆಡ್ ಮಾಡುವಾಗ ಆ ಸಂದಿ ಮುಚ್ಚ್ಯಾರ. ಇಲ್ಲಿ ಡಾಲ್ ಒಗದ್ರ 1000 ರೊಕ್ಕ ಹೋಗ್ತದ, ದೆವ್ವ ಅಲ್ಲೇ ಇರ್ತದ.

ತಮ್ಮಾ, ನೀ ನಿಂತಿರೋ ಊರಾಗೇ ಕೆಲಸ ಅದ ಅಂತ ತಿಳಿಬ್ಯಾಡ, ಸೆಲಡಾನ್‌ಗೆ ವಾಪಸ್ ಹೋಗು. ಗೇಮ್ ಕಾರ್ನರಿನಾಗ ಗೋಡಿಗೆ ಒಂದು ಪೋಸ್ಟರ್ ಅದ, ಅದ್ರ ಮುಂದ ರಾಕೆಟ್‌ನವ ಕಾಯ್ಕೋತ ನಿಂತಿರ್ತಾನ. ಅವನ್ನ ಸೋಲಿಸು, ಅವ ಓಡಿ ಹೋಗ್ತಾನ. ಪೋಸ್ಟರ್ ಮುಂದ ನಿಂತು ಎ ಒತ್ತಿದ್ರ ಹಿಂದಿನ ಸ್ವಿಚ್ ಸಿಗ್ತದ, ಕೆಳಗ ಇಳಿಯೋ ಮೆಟ್ಟಿಲು ತೆರೀತದ. ಅದು ಟೀಮ್ ರಾಕೆಟ್ ಅಡ್ಡಾ. ಬಾಣದ ಗುರುತಿನ ಟೈಲ್ಸ್ ಮ್ಯಾಲ ಕಾಲಿಟ್ರ ತಿರುಗಿಸಿ ಒಗೀತಾವ, ಅದಕ್ಕ ಸಿಟ್ಟಿಗೇಳಬ್ಯಾಡ, ಒಂದೊಂದು ಬಾಣ ಎಲ್ಲಿ ಬಿಡ್ತದ ಅಂತ ನಿಂತು ನೋಡು.

ಅಲ್ಲಿ ಬಹಳ ಮಂದಿ ಸಿಕ್ಕೊಳ್ಳೋದು ಲಿಫ್ಟ್ ಚಾವಿಗೆ. ಎಲ್ಲಕ್ಕಿಂತ ಕೆಳಗಿನ ಅಂತಸ್ತಿನಾಗ ಒಬ್ಬ ರಾಕೆಟ್‌ನವನ ಬಲ್ಲಿ ಅದ. ಹಳೇ ಆಟದಾಗ ಅವನ್ನ ಸೋಲಿಸಿದ ಮ್ಯಾಲ ಇನ್ನೊಮ್ಮೆ ಮಾತಾಡಿಸ್ಬೇಕು, ಆವಾಗ ಚಾವಿ ಕೆಳಗ ಬೀಳ್ತದ. ನಿನಗ ನೆಲದ ಮ್ಯಾಲ ಕಾಣ್ಲಿಲ್ಲಂದ್ರ ಇನ್ನೊಮ್ಮೆ ಮಾತಾಡ್ಸು. ಚಾವಿ ಸಿಕ್ರ ಲಿಫ್ಟ್‌ನಾಗ ಟೀಮ್ ರಾಕೆಟ್ ಬಾಸ್ ಜೊವಾನಿ ಇದ್ದಲ್ಲಿಗೆ ಹೋಗು. ಅವನ ಓನಿಕ್ಸ್, ರೈಹಾರ್ನ್ ಎರಡಕ್ಕೂ ನೀರು ಇಲ್ಲಾ ಹುಲ್ಲಿನ ಏಟು ಸಾಕು. ಕಂಗಸ್‌ಕಾನ್ ಒಂದು ಗಟ್ಟಿ. ಸೋತ ಮ್ಯಾಲ ಸಿಲ್ಫ್ ಸ್ಕೋಪ್ ಬಿಟ್ಟು ಹೋಗ್ತಾನ. ಅದು ಬ್ಯಾಗಿನಾಗಿದ್ರ ಗೋಪುರದ ದೆವ್ವಗಳ ಖರೇ ಮುಖ ಕಾಣ್ತದ, ನಿನ್ನ ಪೋಕೆಮಾನ್ ಹೆದರಲ್ಲ. ತುದಿಗಿನ ಅಂತಸ್ತಿನಾಗ ಫ್ಯುಜಿ ಅಜ್ಜ ಸಿಗ್ತಾನ, ಪೋಕೆ ಫ್ಲೂಟ್ ಕೊಡ್ತಾನ. ರೂಟ್ 12, ರೂಟ್ 16ರಾಗ ದಾರಿಗಡ್ಡ ಮಲಗಿದ ಸ್ನೋರ್ಲ್ಯಾಕ್ಸ್ ಅನ್ನೋ ಪೋಕೆಮಾನ್ ಎಬ್ಬಿಸೋದೂ ಇದೇ ಫ್ಲೂಟಿನಿಂದ.

ಇಷ್ಟಾದ ಮ್ಯಾಲ ಸ್ಯಾಫ್ರನ್‌ಗೆ ಹೋಗು. ಸಿಲ್ಫ್ ಬಾಗಿಲಿನವ ನಿದ್ದಿ ಹೊಡೀತಿರ್ತಾನ. ಜಿಮ್ ಮುಂದಿನವ ಹೋಗ್ಬೇಕಂದ್ರ ಸಿಲ್ಫ್ ಕಂಪನಿ ಪೂರ್ತಿ ಮುಗೀಬೇಕು, 11 ಅಂತಸ್ತು. ಸುಮ್ನ ಎಲ್ಲಾ ಸುತ್ತಬ್ಯಾಡ, ಮೊದಲು 5ಕ್ಕ ಹೋಗಿ ಬಾಗಿಲು ತೆರೆಯೋ ಕಾರ್ಡ್ ಕೀ ತಗೊ.

ಸುಡುಬಿಸಿಲ_ಹುಡುಗ

ಸಿಲ್ಫ್ ಸ್ಕೋಪ್ ಆಯ್ತು, ಅಜ್ಜ ಬಂದ, ಬಾಗಿಲಿನವ ಮಲಗ್ಯಾನ. ಚಾವಿದು ಹೇಳಿದ್ದು ಚಲೋ ಆಯ್ತಣ್ಣ. ಟೈಟಲ್‌ನಾಗ ಬಗೆಹರದದ ಅಂತ ಹಾಕೀನಿ.

ಒಂದೇ ಒಂದು ಉಳದದ. ಸಬ್ರಿನಾಕ್ಕ ಗೈಡಿನಾಗ ದೆವ್ವದ ಟೈಪ್ ಒಯ್ಯಬ್ಯಾಡ, ಏಟು ತಟ್ಟಂಗೇ ಇಲ್ಲ ಅಂತ ಬರ್ದಾರ. ಇದೂ ಹಳೇದೇನು?

ಚೌಬಾರಾ151

ಇದೂ ಹಳೇದೇ. ಸಬ್ರಿನಾ ಇಟ್ಕೊಂಡಿರೋದು ಸೈಕಿಕ್ ಟೈಪ್, ರೆಡ್-ಬ್ಲೂನಾಗ ದೆವ್ವದ ಏಟು ಸೈಕಿಕ್‌ಗೆ ತಾಕ್ತಾನೇ ಇದ್ದಿಲ್ಲ. ನಿನ್ನ ಆಟದಾಗ ಎರಡು ಪಟ್ಟು ತಾಕ್ತದ. ಗೋಪುರದಾಗ ಹಾಂಟರ್ ಹಿಡದಿದ್ರ ಶ್ಯಾಡೋ ಪಂಚ್ ಚಲೋ ಕೆಲಸ ಮಾಡ್ತದ, ಆದ್ರ ಅದಕ್ಕ ವಿಷದ ಟೈಪೂ ಅದ, ಸೈಕಿಕ್ ಬಿದ್ರ ಏಳಂಗಿಲ್ಲ. ಬೈಟ್ ಕೂಡ ಹಳೇದ್ರಾಗ ನಾರ್ಮಲ್ ಇತ್ತು, ಈಗ ಡಾರ್ಕ್, ಸೈಕಿಕ್‌ಗೆ ಉರೀತದ. ಗ್ಯಾರಡೋಸ್ ಇದ್ರ ಅದನ್ನೇ ಮುಂದ ಬಿಡು. ಆಕಿನ ಅಲಕಜಾಮ್ 43ನೇ ಲೆವೆಲ್, ಅದ್ರ ಸಲುವಾಗಿ ಒಂದಾರು ಲೆಮನೇಡ್ ಇಟ್ಕೊ.

ಆ ಪ್ರಿಂಟ್ ಇನ್ನ ಒಯ್ಯಬ್ಯಾಡ, ಫೈರ್‌ರೆಡ್ ಅಂತ ಹುಡುಕಿ ಬ್ಯಾರೆ ತಗಸು. ಮುಂದ ಸೆವಿ ದ್ವೀಪಗಳು ಅವ, ಎಲೀಟ್ ಫೋರ್ ಮುಗಿದ ಮ್ಯಾಲ ನ್ಯಾಶನಲ್ ಡೆಕ್ಸ್ (ಪೋಕೆಮಾನ್‌ಗಳ ದೊಡ್ಡ ಪಟ್ಟಿ) ಸಿಗ್ಬೇಕಂದ್ರ 60 ಬಗಿ ಪೋಕೆಮಾನ್ ಹಿಡದಿರ್ಬೇಕು, ಇದ್ರಾಗ ಒಂದೂ ಹಳೇ ಗೈಡಿನಾಗ ಇರಲ್ಲ. ಮತ್ತ ಸಿಲ್ಫ್‌ನ 7ನೇ ಅಂತಸ್ತಿನಾಗ ಒಬ್ಬ ನೌಕರ ಪುಕ್ಕಟೆ ಲಾಪ್ರಾಸ್ ಅನ್ನೋ ಪೋಕೆಮಾನ್ ಕೊಡ್ತಾನ, ಅವನ್ನ ಮಾತಾಡ್ಸದೆ ಮ್ಯಾಲ ಹೋಗಬ್ಯಾಡ.