ಕ್ಲೋರಾಂಫೆನಿಕಾಲ್ ಹಾಕಿದ ಮೇಲೂ ಪ್ಲಾಸ್ಮಿಡ್ ಹೆಚ್ಚಾಗುತ್ತದಲ್ಲ, ಅದು ಹೇಗೆ?

ಕುಂಬಳೆ_ಹುಡುಗ:
ನಾನು ಬಿಎಸ್ಸಿ ಮೈಕ್ರೋಬಯಾಲಜಿ, ಕೊನೆಯ ವರ್ಷ. ಹತ್ತನೇ ತನಕ ಕನ್ನಡ ಮೀಡಿಯಂ. ಈಗ ಕ್ಲಾಸು ಇಂಗ್ಲಿಷಲ್ಲಿ, ಡೌಟು ಕೇಳಿದರೆ ಉತ್ತರ ಮಲಯಾಳದಲ್ಲಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಇ. ಕೋಲೈ ಬ್ಯಾಕ್ಟೀರಿಯಾದ ಕ್ರೋಮೋಸೋಮ್ ಕಾಪಿ ಆಗುವ ಕತೆ ಗೊತ್ತಿದೆ. ಡಿಎನ್‌ಎ-ಎ ಅನ್ನುವ ಪ್ರೊಟೀನು ಒರಿಸಿ ಅನ್ನುವ ಶುರುವಿನ ಜಾಗದಲ್ಲಿ ಕೂರುತ್ತದೆ, ಪಕ್ಕದ ಎ-ಟಿ ಜಾಸ್ತಿ ಇರುವ ಭಾಗ ಬಿಚ್ಚಿಕೊಳ್ಳುತ್ತದೆ, ಆಮೇಲೆ ಎಳೆ ಬಿಡಿಸುವ ಹೆಲಿಕೇಸ್ ಬರುತ್ತದೆ. ಕ್ಲೋರಾಂಫೆನಿಕಾಲ್ ಅನ್ನುವ ಆಂಟಿಬಯಾಟಿಕ್ ಹಾಕಿದರೆ ಹೊಸ ಪ್ರೊಟೀನು ತಯಾರಾಗುವುದಿಲ್ಲ, ಹಾಗಾಗಿ ಕ್ರೋಮೋಸೋಮ್ ಹೊಸ ಸುತ್ತು ಶುರು ಮಾಡುವುದಿಲ್ಲ. ಸರಿ. ಆದರೆ ಪಿಬಿಆರ್322 ಪ್ಲಾಸ್ಮಿಡ್ (ಕ್ರೋಮೋಸೋಮಿನಿಂದ ಬೇರೆಯಾಗಿರುವ ಪುಟ್ಟ ಡಿಎನ್‌ಎ ಉಂಗುರ) ಮಾತ್ರ ಆಗಲೂ ಗಂಟೆಗಟ್ಟಲೆ ಕಾಪಿ ಆಗುತ್ತಲೇ ಇರುತ್ತದಂತೆ, ಒಂದೊಂದು ಸೆಲ್ಲಿನಲ್ಲಿ ಸಾವಿರಗಟ್ಟಲೆ. ಶುರು ಮಾಡಿಸುವವರು ಯಾರು ಹಾಗಾದರೆ?

ಬದಿಯಡ್ಕ_ಟೀಚರ್:
ಒಳ್ಳೆ ಪ್ರಶ್ನೆ ಮಾರಾಯ. ಕ್ಲೋರಾಂಫೆನಿಕಾಲ್ ನಿಲ್ಲಿಸುವುದು ರೈಬೋಸೋಮನ್ನು, ಅಂದರೆ ಪ್ರೊಟೀನು ಕಟ್ಟುವ ಯಂತ್ರವನ್ನು. ಆರ್‌ಎನ್‌ಎ ತಯಾರಿ ನಿಂತಿಲ್ಲ, ನೆನಪಿರಲಿ. ಪಿಬಿಆರ್322ರ ಒರಿಜಿನ್ (ಕಾಪಿ ಶುರುವಾಗುವ ಜಾಗ) ಕೋಲ್‌ಇ1 ಅನ್ನುವ ಪ್ಲಾಸ್ಮಿಡ್ಡಿನ ಜಾತಿಯದ್ದು, ಅದಕ್ಕೆ ಶುರು ಮಾಡಲು ತನ್ನದೇ ಪ್ರೊಟೀನು ಬೇಕಾಗಿಲ್ಲ, ಒಂದು ಆರ್‌ಎನ್‌ಎ ಸಾಕು.

ಡಿಎನ್‌ಎ ಕಟ್ಟುವ ಎಂಜೈಮು ಡಿಎನ್‌ಎ ಪಾಲಿಮರೇಸಿಗೆ ಖಾಲಿ ಜಾಗದಿಂದ ಶುರು ಮಾಡಲು ಬರುವುದಿಲ್ಲ. ಮಲ್ಲಿಗೆ ಕಟ್ಟುವವರಿಗೆ ಮೊದಲ ಗಂಟು ಬೇಕಲ್ವಾ, ಹಾಗೆ ಇದಕ್ಕೆ ಒಂದು ತುದಿ ಬೇಕು. ಒರಿಜಿನ್‌ಗಿಂತ ಸುಮಾರು 555 ಬೇಸ್ ಹಿಂದಿನಿಂದ ಆರ್‌ಎನ್‌ಎ ಪಾಲಿಮರೇಸ್ ಒಂದು ಉದ್ದ ಆರ್‌ಎನ್‌ಎ ಬರೆಯುತ್ತಾ ಬರುತ್ತದೆ. ಇದರ ಹೆಸರು ಆರ್‌ಎನ್‌ಎ-2. ಮಾಮೂಲಿಯಾಗಿ ಬರೆದ ಆರ್‌ಎನ್‌ಎ ಕಳಚಿ ಹೋಗಬೇಕು, ಇದು ಮಾತ್ರ ಒರಿಜಿನ್ ಹತ್ತಿರ ಡಿಎನ್‌ಎಗೇ ಅಂಟಿಕೊಂಡು ಕೂತುಬಿಡುತ್ತದೆ. ಆಗ ಆರ್‌ಎನೇಸ್ ಎಚ್ ಅನ್ನುವ ಎಂಜೈಮು ಬಂದು ಅಂಟಿದ ಕಡೆ ಆರ್‌ಎನ್‌ಎಯನ್ನು ಕತ್ತರಿಸುತ್ತದೆ. ಕತ್ತರಿಸಿದಾಗ ಸಿಗುವ ತುದಿಯನ್ನೇ ಡಿಎನ್‌ಎ ಪಾಲಿಮರೇಸ್-1 ಹಿಡಿದು ಡಿಎನ್‌ಎ ಸೇರಿಸಲು ಶುರು ಮಾಡುತ್ತದೆ. ಈ ಮೂರು ಎಂಜೈಮೂ ಸೆಲ್ಲಿನಲ್ಲಿ ಮೊದಲೇ ಇರುತ್ತವೆ, ಬೇಗ ಹಾಳಾಗುವುದಿಲ್ಲ. ಅದಕ್ಕೇ ಔಷಧಿ ಹಾಕಿದರೂ ಪ್ಲಾಸ್ಮಿಡ್ ಕೆಲಸ ನಡೆಯುತ್ತದೆ. ಪಾಲಿಮರೇಸ್-1 ಕೆಟ್ಟ ಮ್ಯುಟೆಂಟಿನಲ್ಲಿ ಕೋಲ್‌ಇ1 ಉಳಿಯುವುದೇ ಇಲ್ಲ.

ಕುಂಬಳೆ_ಹುಡುಗ:
ಥ್ಯಾಂಕ್ಸ್ ಟೀಚರ್! ಆದರೆ ಇಷ್ಟು ಸುಲಭ ಅಂದರೆ ಔಷಧಿ ಇಲ್ಲದಾಗ 15-20 ಕಾಪಿಗೇ ಯಾಕೆ ನಿಲ್ಲುತ್ತದೆ? ಪಿಯುಸಿ19 ಪ್ಲಾಸ್ಮಿಡ್ಡಿಗೆ ಮಾತ್ರ 500-700 ಅಂತ ಇದೆ. ಎರಡರದ್ದೂ ಒಂದೇ ಒರಿಜಿನ್ ಅಂತಾರಲ್ಲ.

ಅಕ್ಕಲಕೋಟ_ಲ್ಯಾಬ್:
ತಮ್ಮಾ, ಟೀಚರು ಅರ್ಧ ಕತೆ ಹೇಳಿದಾರೆ, ಮಜಾ ಇರೋದು ಇನ್ನರ್ಧದಲ್ಲಿ. ಅದೇ ಜಾಗದ ಎದುರು ಎಳೆಯಿಂದ ಇನ್ನೊಂದು ಪುಟ್ಟ ಆರ್‌ಎನ್‌ಎ ಹುಟ್ಟುತ್ತದೆ. 108 ಬೇಸ್ ಉದ್ದ, ಹೆಸರು ಆರ್‌ಎನ್‌ಎ-1. ಎದುರು ಎಳೆಯದಾದ್ದರಿಂದ ಆರ್‌ಎನ್‌ಎ-2ರ ತಲೆಭಾಗಕ್ಕೆ ಸರಿಯಾಗಿ ಜೋಡಿ. ಎರಡರಲ್ಲೂ ಮಡಚಿಕೊಂಡ ಕುಣಿಕೆಗಳು ಇರುತ್ತವೆ, ಮೊದಲು ಕುಣಿಕೆಯ ತುದಿಗಳು ಒಂದಕ್ಕೊಂದು ಮುಟ್ಟುತ್ತವೆ, ಆಮೇಲೆ ಪೂರ್ತಿ ಹೆಣೆದುಕೊಳ್ಳುತ್ತವೆ. ಹೆಣೆದುಕೊಂಡ ಆರ್‌ಎನ್‌ಎ-2ರ ಆಕಾರವೇ ಬದಲು, ಅದು ಮುಂದೆ ಹೋಗಿ ಡಿಎನ್‌ಎಗೆ ಅಂಟಲಾರದು. ಆ ಸಲದ ಶುರು ಖಲಾಸ್. ರಾಪ್ ಅನ್ನುವ 63 ಅಮೈನೋ ಆಮ್ಲದ ಸಣ್ಣ ಪ್ರೊಟೀನು ಈ ಮೊದಲ ಮುಟ್ಟುವಿಕೆಯನ್ನು ಗಟ್ಟಿ ಹಿಡಿಯುತ್ತದೆ.

ಕಾಪಿ ಜಾಸ್ತಿಯಾದಷ್ಟೂ ಆರ್‌ಎನ್‌ಎ-1 ಜಾಸ್ತಿ, ತಡೆ ಜಾಸ್ತಿ. ಕಾಪಿ ಕಮ್ಮಿಯಾದರೆ ತಡೆ ಕಮ್ಮಿ. ಆರ್‌ಎನ್‌ಎ-1 ಬೇಗ ಹಾಳಾಗುವ ಮಾಲು, ಅದಕ್ಕೇ ಲೆಕ್ಕ ಯಾವಾಗಲೂ ತಾಜಾ ಇರುತ್ತದೆ.

ಪಿಯುಸಿಯಲ್ಲಿ ರಾಪ್ ಜೀನೇ ಇಲ್ಲ, ತೆಗೆದುಹಾಕಿದಾರೆ. ಜೊತೆಗೆ ಆರ್‌ಎನ್‌ಎ-2ರಲ್ಲಿ ಒಂದೇ ಒಂದು ಬೇಸ್ ಬದಲಾಗಿದೆ. ಅಷ್ಟಕ್ಕೇ ತಡೆ ಸಡಿಲ. ಇನ್ನೊಂದು ವಿಷಯ, ಆ ಬದಲಾವಣೆಯ ಪರಿಣಾಮ ಬಿಸಿಗೆ ತಕ್ಕ ಹಾಗೆ: 37 ಡಿಗ್ರಿಯಲ್ಲಿ ಕಾಪಿ ಜಾಸ್ತಿ, 42ರಲ್ಲಿ ಇನ್ನೂ ಜಾಸ್ತಿ, 30ರಲ್ಲಿ ತುಂಬಾ ಕಮ್ಮಿ. ರಾತ್ರಿ ಇನ್‌ಕ್ಯುಬೇಟರ್ ಆರಿಹೋಗಿ ಬೆಳಗ್ಗೆ ಪ್ಲಾಸ್ಮಿಡ್ ತೆಗೆಯುವ ಕಿಟ್ಟನ್ನು ಬಯ್ಯುವವರನ್ನು ಸುಮಾರು ನೋಡಿದೀನಿ.

ಪೆರ್ಲ_67:
ಎಲ್ಲ ಪ್ಲಾಸ್ಮಿಡ್ಡೂ ಹೀಗೇ ಅಂತ ಪರೀಕ್ಷೆಯಲ್ಲಿ ಬರೆದುಬಿಡಬೇಡ ಮತ್ತೆ. ಪಿಎಸ್‌ಸಿ101 ತಗೋ, 1973ರಲ್ಲಿ ವಿಜ್ಞಾನಿಗಳಾದ ಕೊಹೆನ್, ಬಾಯರ್ ಅವರೆಲ್ಲ ಜೀನ್ ಜೋಡಿಸಲು ಬಳಸಿದ್ದು ಅದನ್ನೇ. ಅದಕ್ಕೆ ತನ್ನದೇ ರೆಪ್-ಎ ಪ್ರೊಟೀನು ಬೇಕು, ಜೊತೆಗೆ ಸೆಲ್ಲಿನ ಡಿಎನ್‌ಎ-ಎ, ಡಿಎನ್‌ಎಯನ್ನು ಬಗ್ಗಿಸುವ ಐಎಚ್‌ಎಫ್ ಕೂಡ ಬೇಕು. ಒರಿಜಿನ್‌ನಲ್ಲಿ ಇಟೆರಾನ್ ಅನ್ನುವ ಒಂದೇ ಥರದ ತುಂಡು ಮೂರು ಸಲ ಬಂದಿದೆ, ರೆಪ್-ಎ ಅಲ್ಲಿ ಒಂಟಿಯಾಗಿ ಬಂದು ಕೂರುತ್ತದೆ. ಇಬ್ಬಿಬ್ಬರು ಸೇರಿ ಜೋಡಿಯಾದ ರೆಪ್-ಎ ಮಾಡುವ ಕೆಲಸ ಬೇರೆ, ಅದು ತನ್ನ ಜೀನನ್ನೇ ಮುಚ್ಚಿಸುತ್ತದೆ. ಕಾಪಿ ಹೆಚ್ಚಾದರೆ ಎರಡು ಪ್ಲಾಸ್ಮಿಡ್ಡಿನ ಇಟೆರಾನ್‌ಗಳು ರೆಪ್ ಮೂಲಕ ಒಂದಕ್ಕೊಂದು ಕಟ್ಟಿಹಾಕಿಕೊಳ್ಳುತ್ತವೆ, ಆಗ ಎರಡೂ ಶುರುವಾಗುವುದಿಲ್ಲ. ಹಾಗಾಗಿ ಸುಮಾರು 5 ಕಾಪಿ ಅಷ್ಟೇ. ಕ್ಲೋರಾಂಫೆನಿಕಾಲ್ ಹಾಕಿ ಕಾದರೂ ಹೆಚ್ಚಾಗುವುದಿಲ್ಲ, ಹೊಸ ರೆಪ್-ಎ ಬೇಕಲ್ಲ.

ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾದ ಪ್ಲಾಸ್ಮಿಡ್ ಪಿಟಿ181 ಇನ್ನೂ ಬೇರೆ. ಅಲ್ಲಿ ರೆಪ್ ಪ್ರೊಟೀನು ಒಂದು ಎಳೆಯನ್ನು ಕತ್ತರಿಸಿಯೇ ತುದಿ ಮಾಡಿಕೊಡುತ್ತದೆ. ತುದಿ ಕೊಡುವ ಪ್ರೈಮರ್ ಆರ್‌ಎನ್‌ಎ ಕೂಡ ಬೇಡ, ಆ ಎಳೆಯ ಮಟ್ಟಿಗೆ.

ಕುಂಬಳೆ_ಹುಡುಗ:
ಈಗ ನಮ್ಮ ಜೆಲ್ (ಡಿಎನ್‌ಎ ಓಡಿಸಿ ಬೇರ್ಪಡಿಸುವ ಪದರ) ಅರ್ಥ ಆಯಿತು. ಪಿಯುಸಿಯ ಲೇನು ಕಣ್ಣಿಗೆ ಹೊಡೆಯುವ ಹಾಗೆ, ಪಿಎಸ್‌ಸಿ101ದು ಬೆಳಕು ಆರಿಸಿ ಬಗ್ಗಿ ನೋಡಿದರೆ ಮಾತ್ರ ಸಣ್ಣ ಗೆರೆ. ಎರಡನ್ನೂ ಒಂದೇ ಸೆಲ್ಲಿಗೆ ಹಾಕಬಹುದಾ?

ಬದಿಯಡ್ಕ_ಟೀಚರ್:
ಹಾಕಬಹುದು, ಒಂದರ ಲೆಕ್ಕಕ್ಕೆ ಇನ್ನೊಂದು ತಲೆ ಹಾಕುವುದಿಲ್ಲ. ಎರಡಕ್ಕೂ ಬೇರೆ ಬೇರೆ ಆಂಟಿಬಯಾಟಿಕ್ ಗುರುತು ಇದ್ದರೆ ಆಯಿತು. ಪಿಯುಸಿ ಮತ್ತು ಪಿಬಿಆರ್322 ಒಟ್ಟಿಗೆ ಹಾಕಬೇಡ. ಇಬ್ಬರ ಆರ್‌ಎನ್‌ಎ-1 ಇಬ್ಬರನ್ನೂ ತಡೆಯುತ್ತದೆ, ಕೆಲವು ತಲೆಮಾರಿನಲ್ಲಿ ಒಂದು ಕಳೆದುಹೋಗುತ್ತದೆ.

ಅಕ್ಕಲಕೋಟ_ಲ್ಯಾಬ್:
ಮತ್ತೆ ಪಿಎಸಿವೈಸಿ184 ಅನ್ನುವ ಪ್ಲಾಸ್ಮಿಡ್ ಇದ್ದರೆ ಕ್ಲೋರಾಂಫೆನಿಕಾಲ್ ಆಟ ಆಡಬೇಡಪ್ಪಾ. ಅದರಲ್ಲೇ ಕ್ಲೋರಾಂಫೆನಿಕಾಲ್ ತಡೆಯುವ ಜೀನು ಇದೆ, ಸುಮ್ನೆ ಔಷಧಿ ದಂಡ. ಪ್ರೊಟೀನು ತಯಾರಿ ನಿಲ್ಲಿಸಲು ಸ್ಪೆಕ್ಟಿನೋಮೈಸಿನ್ ಹಾಕು.